ಧಾರವಾಡದ ಎರಡು ಕೋಣೆಗಳಲ್ಲಿ ಮಾನವ ಹಕ್ಕುಗಳ ಗ್ರಂಥಾಲಯ: ಕಟ್ಟಿದ ಕೆಲಸದ ದಾಖಲೆ

ಧಾರವಾಡದ ನಮ್ಮ ಕಾಲೇಜಿನ ಹಿತ್ತಿಲ ಕಡೆ ಮುರಿದ ಬೆಂಚುಗಳನ್ನು ಒಟ್ಟಿದ್ದ ಎರಡು ಕೋಣೆಗಳಿದ್ದವು. ಅವುಗಳನ್ನು ಮಾನವ ಹಕ್ಕುಗಳಿಗೆಂದೇ ಮೀಸಲಾದ ಗ್ರಂಥಾಲಯವಾಗಿ ಮಾಡುವ ಕೆಲಸ ಆರಂಭವಾಗಿ ಈಗ ಹದಿನಾಲ್ಕು ತಿಂಗಳಾದವು. ಉತ್ತರ ಯುರೋಪಿನ ಒಂದು ಅಧ್ಯಯನ ಕೇಂದ್ರದ ಗ್ರಂಥಾಲಯವು ತನ್ನಲ್ಲಿ ಎರಡೆರಡು ಪ್ರತಿಗಳಿದ್ದ ಪುಸ್ತಕಗಳನ್ನು ಕೊಡಲು ಒಪ್ಪಿತು. ಅಲ್ಲಿನ ಗ್ರಂಥಪಾಲಕಿಯೊಬ್ಬರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನಮ್ಮೊಡನೆ ಕುಳಿತು ಕೆಲಸ ಹೇಳಿಕೊಡಲು ಮುಂದೆ ಬಂದರು. ಅವರಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಹಾಗಾಗಿ ನಮ್ಮ ಸಭೆಗಳೆಲ್ಲ ಕಾಲೇಜು ಬಿಟ್ಟ ಮೇಲೆ, ಸಂಜೆ ಐದರ ನಂತರವೇ ನಡೆದವು. ಬೇರೆ ಊರಿನವರು ಇಂಥ ಕೆಲಸಕ್ಕೆ ಕೈಹಾಕಿದರೆ ನಾವು ಕಳೆದುಕೊಂಡ ದಿನಗಳನ್ನು ಅವರು ಕಳೆದುಕೊಳ್ಳದಿರಲಿ ಎಂಬ ಆಸೆಯಿಂದ ಇದನ್ನು ಬರೆದಿಡುತ್ತಿದ್ದೇನೆ.

ಮೊದಲ ಎರಡು ತಿಂಗಳು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ, ಬರಿಯ ಕಾಗದಪತ್ರದ ಕೆಲಸವೇ ಆಯಿತು. ಹೊರದೇಶದಿಂದ ಹಣ ಬರುತ್ತಿಲ್ಲ, ಬರುವುದು ಹಳೆಯ ಪುಸ್ತಕ, ಆದ್ದರಿಂದ ಯಾವ ಕಾನೂನಿನ ತೊಡಕೂ ಇರಲಾರದು ಎಂದು ನಾನು ತಿಳಿದಿದ್ದೆ. ಅದು ತಪ್ಪು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರ ಪ್ರಕಾರ ಸಂಸ್ಥೆಯೊಂದಕ್ಕೆ ಹೊರದೇಶದಿಂದ ದಾನವಾಗಿ ಬರುವ ವಸ್ತುವೂ ವಂತಿಗೆಯೇ. 2020ರ ತಿದ್ದುಪಡಿಯ ನಂತರ ಒಬ್ಬರು ಪಡೆದದ್ದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತೆಯೂ ಇಲ್ಲ. ಗ್ರಂಥಾಲಯಕ್ಕೆಂದು ಬೇರೆಯೇ ಒಂದು ಟ್ರಸ್ಟ್ ಮಾಡಬೇಕೆಂದಿದ್ದ ನಮ್ಮ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟು, ಆ ಕಾಯ್ದೆಯಡಿ ಮೊದಲೇ ನೋಂದಣಿ ಇದ್ದ ಕಾಲೇಜಿನ ಹೆಸರಿನಲ್ಲಿಯೇ ಪುಸ್ತಕಗಳನ್ನು ಪಡೆದು, ಕಾಲೇಜಿನ ಪರಿಗ್ರಹಣ ವಹಿಯಲ್ಲಿಯೇ, ಅಂದರೆ ಬಂದ ಪುಸ್ತಕಗಳನ್ನು ಬರೆದುಕೊಳ್ಳುವ ವಹಿಯಲ್ಲಿಯೇ, ಒಂದೊಂದನ್ನೂ ದಾಖಲಿಸಿ, ವರ್ಷದ ಕೊನೆಗೆ ಎಫ್‌ಸಿ-4 ಎಂಬ, ಆ ಕಾಯ್ದೆಯ ವಾರ್ಷಿಕ ವಿವರದ ನಮೂನೆಯಲ್ಲಿ ತೋರಿಸುವುದೆಂದು ನಿರ್ಧರಿಸಿದೆವು. 2019ರ ಬಜೆಟ್‌ನಲ್ಲಿ ಆಮದು ಪುಸ್ತಕಗಳ ಮೇಲೆ ಶೇ. 5ರ ಮೂಲ ಸುಂಕ ವಿಧಿಸಲಾಯಿತು ಎಂಬುದೂ ಆಗಲೇ ನಮಗೆ ಗೊತ್ತಾದದ್ದು. ಪೆಟ್ಟಿಗೆ ಹೊರಡುವ ಮೊದಲೇ ಪ್ರತಿಯೊಂದು ಪುಸ್ತಕದ ಹೆಸರು, ಪ್ರಕಟವಾದ ವರ್ಷ, ಅಂದಾಜು ಬೆಲೆ ಇರುವ ಪಟ್ಟಿಯನ್ನು ತರಿಸಿಕೊಳ್ಳಿರಿ. ಈ ಪಟ್ಟಿ ಇಲ್ಲದೆ ಹೋಗಿದ್ದರೆ ನಮ್ಮ ಪೆಟ್ಟಿಗೆಗಳು ಬಂದರಿನಲ್ಲಿಯೇ ಕೂತಿರುತ್ತಿದ್ದವು.

ಆರು ಪೆಟ್ಟಿಗೆಗಳು ಜುಲೈ ತಿಂಗಳಲ್ಲಿ ಬಂದವು. ಧಾರವಾಡದ ಜುಲೈ ಎಂದರೆ ಏನೆಂದು ಊರಿನವರಿಗೆ ಹೇಳಬೇಕಾಗಿಲ್ಲ. ಐದು ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಆರನೆಯದನ್ನು ಸಾಗಣೆಯವರು ಲಾರಿಯಲ್ಲಿ ತಾಡಪಾಲಿನ ಅಂಚಿಗೆ ಇಟ್ಟಿದ್ದರಿಂದ ರಟ್ಟು ಕೈಯಲ್ಲಿ ಹಿಡಿದರೆ ಹಿಟ್ಟಿನಂತೆ ಕುಸಿಯುತ್ತಿತ್ತು. ಒಳಗಿನ ಮೂವತ್ತೊಂದು ಪುಸ್ತಕಗಳೂ ನೆನೆದಿದ್ದವು. ನಮ್ಮಲ್ಲಿ ಒಬ್ಬರು ಬಿಸಿಲು ಬಿದ್ದ ಕೂಡಲೆ ಅಂಗಳದಲ್ಲಿ ಹರಡೋಣ ಎಂದರು. ಆ ಸಂಜೆಯೇ ತುರ್ತಾಗಿ ಕರೆ ಮಾಡಿದಾಗ ಆ ಕಡೆಯ ಗ್ರಂಥಪಾಲಕಿ ಖಂಡಿತ ಬೇಡವೆಂದರು: ನೇರ ಬಿಸಿಲಿಗೆ ರಟ್ಟು ಸೆಟೆದುಕೊಳ್ಳುತ್ತದೆ, ಕಾಗದ ಹಳದಿಯಾಗುತ್ತದೆ, 48 ಗಂಟೆಯೊಳಗೆ ಒಣಗಿಸಲು ಆಗದಿರುವುದೆಲ್ಲವನ್ನೂ ಹೆಪ್ಪುಗಟ್ಟಿಸಿಡಿ, ಬೂಷ್ಟು ಹಿಡಿಯುವುದು ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ನಾಲ್ಕೈದರಂತೆ ತೆಗೆದು ಒಣಗಿಸಬಹುದು ಎಂದರು. ಕಾಲೇಜಿನ ಎದುರಿನ ಐಸ್‌ಕ್ರೀಂ ಅಂಗಡಿಯವರು ತಮ್ಮ ಡೀಪ್ ಫ್ರೀಜರಿನ ಅರ್ಧ ಭಾಗವನ್ನು ಹತ್ತು ದಿನ ನಮಗೆ ಬಿಟ್ಟುಕೊಟ್ಟರು. ಪ್ರತಿ ಪುಸ್ತಕವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬೆನ್ನು ಕೆಳಗಾಗಿ ನಿಲ್ಲಿಸಿ ಇಟ್ಟೆವು.

ಒಣಗಿಸುವ ಕೆಲಸ ಮೂರು ವಾರ ಹಿಡಿಯಿತು. ಫ್ರೀಜರಿನಿಂದ ತೆಗೆದ ಪುಸ್ತಕವನ್ನು ಬೀಸಣಿಗೆಯ ಹಾಗೆ ಅರೆಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿ, ಸುಮಾರು ಇಪ್ಪತ್ತು ಪುಟಕ್ಕೊಂದರಂತೆ ಅಚ್ಚು ಇಲ್ಲದ ಬಿಳಿಯ ಹೀರುಕಾಗದ ಸೇರಿಸಿ, ಫ್ಯಾನಿನ ಗಾಳಿ ಪುಸ್ತಕಕ್ಕೆ ನೇರವಾಗಿ ಬಡಿಯದಂತೆ ಗೋಡೆಯ ಕಡೆ ತಿರುಗಿಸಿದೆವು. ಹೀರುಕಾಗದವನ್ನು ದಿನಕ್ಕೆ ಮೂರು ಸಲ ಬದಲಾಯಿಸಬೇಕು. ಸಾಧಾರಣ ಕಾಗದದ ಪುಸ್ತಕಗಳೆಲ್ಲ ಉಳಿದುಕೊಂಡವು, ಸ್ವಲ್ಪ ಅಲೆಅಲೆಯಾಗಿವೆ ಅಷ್ಟೆ. ಹೊಳಪಿನ ಆರ್ಟ್ ಪೇಪರಿನಲ್ಲಿ ಅಚ್ಚಾಗಿದ್ದ ಮೂರು ಪುಸ್ತಕಗಳು ಮಾತ್ರ ಉಳಿಯಲಿಲ್ಲ. ಆ ಕಾಗದಕ್ಕೆ ಬಳಿದ ಲೇಪ ನೀರಿನಲ್ಲಿ ಕರಗಿ, ಒಣಗುವಾಗ ಅಂಟಾಗುತ್ತದೆ; ಪುಟಗಳು ಒಂದಕ್ಕೊಂದು ಹತ್ತಿ ಇಟ್ಟಿಗೆಯಂತಾಗುತ್ತವೆ. ಅವುಗಳಲ್ಲೊಂದು, ಚಿತ್ರಹಿಂಸೆಯ ಗಾಯಗಳನ್ನು ವೈದ್ಯರು ಹೇಗೆ ಗುರುತಿಸಿ ದಾಖಲಿಸಬೇಕೆಂಬುದನ್ನು ಚಿತ್ರಗಳೊಂದಿಗೆ ವಿವರಿಸುವ ಪುಸ್ತಕ. ತೆಳುವಾದ ಚಾಕುವಿನಿಂದ ಬಿಡಿಸಲು ಹೋದಾಗ ಒಂದು ಪುಟದ ಚಿತ್ರ ಎದುರಿನ ಪುಟಕ್ಕೆ ಅಂಟಿಕೊಂಡು ಕಿತ್ತುಬಂದಿತು. ಅದನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ಸ್ವಯಂಸೇವಕರಿಗೆ ತರಬೇತಿ ಕೊಡುವಾಗ ತೋರಿಸಲು ಇಟ್ಟುಕೊಂಡಿದ್ದೇನೆ.

ಕಪಾಟುಗಳ ವಿಷಯ ಬೇಗ ಮುಗಿಯಿತು. ಮರಕ್ಕೆ ಗೆದ್ದಲಿನ ಭಯವಿರುವುದರಿಂದ ಸ್ಲಾಟೆಡ್ ಆಂಗಲ್‌ನ ಉಕ್ಕಿನ ರ‍್ಯಾಕುಗಳನ್ನು ಜೋಡಿಸಿ, ಗೋಡೆಯಿಂದ ಮೂರು ಅಂಗುಲ, ನೆಲದಿಂದ ಆರು ಅಂಗುಲ ಬಿಟ್ಟೆವು. ಊರಿನ ಹಿರಿಯ ಬೈಂಡರ್ ಒಬ್ಬರು ಹಳೆಯ ವರದಿಗಳಿಗೆ ರಟ್ಟು ಕಟ್ಟಿಕೊಟ್ಟರು. ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಅದು ಹುಳಕ್ಕೆ ಇಟ್ಟ ಊಟವಾಗುತ್ತದೆ ಎಂದು ಅವರು ಹೇಳಿದ್ದನ್ನು ನಮ್ಮ ಕೈಪಿಡಿಯಲ್ಲಿ ಸೇರಿಸಿದ್ದೇವೆ.

ಇನ್ನು ಸೂಚಿಯ, ಅಂದರೆ ಯಾವ ಪುಸ್ತಕ ಎಲ್ಲಿದೆಯೆಂದು ಹುಡುಕಿಕೊಳ್ಳುವ ಪಟ್ಟಿಯ ಕೆಲಸ. ನಮ್ಮ ಸಮಯದ ಮುಕ್ಕಾಲು ಪಾಲು ಹೋದದ್ದು ಇದಕ್ಕೇ.

ತಂತ್ರಾಂಶವಾಗಿ ಕೋಹಾವನ್ನು ಆರಿಸಿಕೊಂಡೆವು. ನ್ಯೂಜಿಲೆಂಡಿನ ಹೊರೋಫೆನುವಾ ಎಂಬಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆಂದು ತಯಾರಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಇದು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶ. ಕೋಹಾ ಎಂಬುದು ಮಾವೊರಿ ಭಾಷೆಯ ಮಾತು. ಉಡುಗೊರೆ ಎಂದು ಅರ್ಥ, ಆದರೆ ಮರಳಿ ಕೊಡುವ ಹೊಣೆಯನ್ನೂ ಒಳಗೊಂಡ ಉಡುಗೊರೆ. ನಮ್ಮ ಮದುವೆಮನೆಗಳ ಮುಯ್ಯಿಯ ಲೆಕ್ಕ ಬಲ್ಲವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲೇಜಿನಲ್ಲಿ ಸಮಾಜಶಾಸ್ತ್ರ, ಕಾನೂನು ಪುಸ್ತಕಗಳ ಹಳೆಯ ಸೂಚಿಯೊಂದು ವಿನ್‌ಐಸಿಸ್‌ನಲ್ಲಿ ಇತ್ತು. ಯುನೆಸ್ಕೊ ಸಂಸ್ಥೆಯು ಬಡ ದೇಶಗಳ ಗ್ರಂಥಾಲಯಗಳಿಗೂ ಎಟುಕಲೆಂದು ಹಂಚಿದ ಐಸಿಸ್ ತಂತ್ರಾಂಶದ ವಿಂಡೋಸ್ ರೂಪ ಅದು. ಒಂದು ಕಾಲದಲ್ಲಿ ನಮ್ಮ ದೇಶದ ಎಷ್ಟೋ ಗ್ರಂಥಾಲಯಗಳು ಅದರಿಂದಲೇ ಕಂಪ್ಯೂಟರ್ ಕಲಿತವು. ಅದರಿಂದ ದಾಖಲೆಗಳನ್ನು ಐಎಸ್‌ಒ 2709 ಎಂಬ ವಿನಿಮಯ ರೂಪದಲ್ಲಿ ಹೊರತೆಗೆದು ಕೋಹಾಗೆ ಕೊಟ್ಟರೆ, ಕೋಹಾ ಒಂದನ್ನೂ ಓದಲಿಲ್ಲ. ನಾಲ್ಕು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು: ವಿನ್‌ಐಸಿಸ್ ತಾನಾಗಿಯೇ ಪ್ರತಿ 80 ಅಕ್ಷರಕ್ಕೆ ಸಾಲನ್ನು ಮುರಿಯುತ್ತದೆ, ಕೋಹಾ ಬಳಸುವ ಮಾರ್ಕ್ ಎಂಬ ಗ್ರಂಥಾಲಯ ದಾಖಲೆಯ ಪದ್ಧತಿಯಲ್ಲಿ ಸಾಲು ಮುರಿಯಬಾರದು. ಹೊರತೆಗೆಯುವ ಕಿಟಕಿಯಲ್ಲಿ ಸಾಲಿನ ಉದ್ದವನ್ನು ಸೊನ್ನೆ ಎಂದು ಕೊಟ್ಟು, ಹಳೆಯ ಅಂಕಣಗಳಿಗೂ ಮಾರ್ಕ್‌ನ ಅಂಕಣಗಳಿಗೂ ಹೊಂದಿಕೆಯ ಪಟ್ಟಿ ಮಾಡಿದ ಮೇಲೆ 1,140 ದಾಖಲೆಗಳು ಒಂದೇ ಸಂಜೆಯಲ್ಲಿ ಬಂದುಬಿಟ್ಟವು.

ಬಂದವು ಸರಿ, ಆದರೆ ಕನ್ನಡದ ಹೆಸರುಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದವು. ಅದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಡತದೊಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡಿಗೆ ಬದಲಾಯಿಸುವ ಉಪಕರಣಗಳೇನೋ ಇವೆ, ಆದರೆ ನಾವು ಮೊದಲು ಬಳಸಿದ ಪರಿವರ್ತಕ ಅರ್ಕಾವತ್ತಿನಲ್ಲಿ ಎಡವುತ್ತಿತ್ತು. ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು ಬರಬೇಕು. ಹೀಗಾಗಿ ‘ಧರ್ಮ’ ಎಂಬುದು ‘ಧಮರ್’ ಆಯಿತು, ‘ಪೌರಕಾರ್ಮಿಕ’ ಎಂಬುದು ‘ಪೌರಕಾಮಿರ್ಕ’ ಆಯಿತು. ಸರಿಪಡಿಸಲು ಬರೆದ ಸಣ್ಣ ಪ್ರೋಗ್ರಾಂ ಮುಕ್ಕಾಲು ಪಾಲನ್ನು ತಿದ್ದಿತು. ಉಳಿದದ್ದನ್ನು ಇಬ್ಬರು ವಿದ್ಯಾರ್ಥಿನಿಯರು ಪುಸ್ತಕ ಕೈಯಲ್ಲಿ ಹಿಡಿದು ಒಂದೊಂದಾಗಿ ಓದಿ ತಿದ್ದಿದರು.

ತಿದ್ದಿದ ಮೇಲೂ ಹುಡುಕಾಟ ಕೆಲಸ ಮಾಡಲಿಲ್ಲ. ‘ಮಾನವ’ ಎಂದು ಹುಡುಕಿದರೆ ಸಂಬಂಧವಿಲ್ಲದ ಪುಸ್ತಕಗಳು ಬರುತ್ತಿದ್ದವು, ಬರಬೇಕಾದವು ಬರುತ್ತಿರಲಿಲ್ಲ. ಕೋಹಾದ ಹಿಂದೆ ನಿಂತು ಹುಡುಕಿಕೊಡುವ ಜೆಬ್ರಾ ಎಂಬ ಯಂತ್ರಕ್ಕೆ ಅಕ್ಷರಗಳನ್ನು ಗುರುತಿಸಲು ಎರಡು ದಾರಿಗಳಿವೆ. ತಾನಾಗಿ ಬರುವ ಮೊದಲನೆಯದು ರೋಮನ್ ಲಿಪಿಗೆ ಸಾಕು. ಕನ್ನಡದಂಥ ಲಿಪಿಗಳಿಗೆ ಐಸಿಯು ಎಂಬ ಎರಡನೆಯದು ಬೇಕು. ಜೆಬ್ರಾದ ಸಂರಚನಾ ಕಡತದಲ್ಲಿ ಆ ಸಾಲುಗಳನ್ನು ಬದಲಿಸಿ, ಕೋಹಾದ ವ್ಯವಸ್ಥಾ ಆಯ್ಕೆಗಳಲ್ಲಿಯೂ ಐಸಿಯು ಬಳಸು ಎಂದು ಗುರುತು ಮಾಡಿ, ಯಂತ್ರದ ಹುಡುಕಾಟದ ಸೂಚಿಯನ್ನು ಮೊದಲಿನಿಂದ ಕಟ್ಟಿಸಬೇಕು. ಇಷ್ಟಾದರೂ ‘ಹಕ್ಕೊತ್ತಾಯ’ ಎಂಬ ಪದದ ಕೆಲವು ದಾಖಲೆಗಳು ಕೈಗೆ ಸಿಗಲಿಲ್ಲ. ಪರಿವರ್ತಕವು ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯದೆ ಎರಡು ತುಂಡು ಮಾಡಿ ಬರೆದಿತ್ತು; ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎಲ್ಲ ದಾಖಲೆಗಳನ್ನೂ ಯುನಿಕೋಡಿನ ಒಂದೇ ಸಾಮಾನ್ಯ ರೂಪಕ್ಕೆ ತಂದ ಮೇಲೆ ಆ ತೊಂದರೆ ಹೋಯಿತು. ಕನ್ನಡದಲ್ಲಿ ಸೂಚಿ ಮಾಡುವವರು ಈ ಎರಡು ಹೆಜ್ಜೆಗಳನ್ನು ಮೊದಲ ದಿನವೇ ಮುಗಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ವರ್ಗೀಕರಣಕ್ಕೆ, ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯನ್ನೇ ಇಟ್ಟುಕೊಂಡೆವು, ಕಾಲೇಜಿನ ಉಳಿದ ಪುಸ್ತಕಗಳೂ ಅದರಲ್ಲಿಯೇ ಇವೆ ಎಂಬ ಕಾರಣಕ್ಕೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳಿಗೆ 323, ಅಂತರರಾಷ್ಟ್ರೀಯ ಕಾನೂನಿನ ಮಾನವ ಹಕ್ಕುಗಳಿಗೆ 341.48. ವಿಶ್ವಸಂಸ್ಥೆಯ ದಾಖಲೆಗಳನ್ನು ಮಾತ್ರ ಡ್ಯೂಯಿಗೆ ಒಪ್ಪಿಸದೆ ಅವುಗಳ ಮೇಲೆಯೇ ಅಚ್ಚಾಗಿರುವ ದಾಖಲೆ ಸಂಕೇತದ ಕ್ರಮದಲ್ಲಿ ಜೋಡಿಸಿದೆವು. 1946ರಿಂದ 2006ರವರೆಗೆ ಇದ್ದ ಮಾನವ ಹಕ್ಕುಗಳ ಆಯೋಗದ ಕಾಗದಗಳು ‘ಇ/ಸಿಎನ್.4’ ಎಂದೂ, ಅದರ ಜಾಗಕ್ಕೆ ಬಂದ ಮಾನವ ಹಕ್ಕುಗಳ ಮಂಡಳಿಯವು ‘ಎ/ಎಚ್‌ಆರ್‌ಸಿ’ ಎಂದೂ ಆರಂಭವಾಗುತ್ತವೆ. ಈ ಎರಡನ್ನು ತಿಳಿದವರು ಯಾವ ದೇಶದ ಗ್ರಂಥಾಲಯಕ್ಕೆ ಹೋದರೂ ದಾರಿ ತಪ್ಪುವುದಿಲ್ಲ. ಡ್ಯೂಯಿಯಲ್ಲಿ ಒಂದು ಕಡೆ ಮಾತ್ರ ನಾವು ಪದ್ಧತಿಯನ್ನು ಮೀರಿದೆವು. ದೇವದಾಸಿ ಪದ್ಧತಿಯ ಪುಸ್ತಕಗಳನ್ನು ಹಲವು ಗ್ರಂಥಾಲಯಗಳು 306.74ರಲ್ಲಿ, ಅಂದರೆ ವೇಶ್ಯಾವೃತ್ತಿಯ ಸಂಖ್ಯೆಯಲ್ಲಿ ಇಡುತ್ತವೆ. ಮುತ್ತು ಕಟ್ಟಿಸಿಕೊಂಡಾಗ ತನ್ನ ಮಾತಿಗೆ ಎಡೆಯೇ ಇಲ್ಲದಿದ್ದ ಹೆಣ್ಣುಮಗಳ ಬದುಕನ್ನು ಅಲ್ಲಿಡುವುದು ನಮಗೆ ಸರಿಕಾಣಲಿಲ್ಲ. 1982ರ ಕರ್ನಾಟಕದ ನಿಷೇಧ ಕಾಯ್ದೆಯ ಪ್ರತಿಯೂ ಸೇರಿ ಅವೆಲ್ಲ ಈಗ 323.34ರಲ್ಲಿ, ಮಹಿಳೆಯರ ಹಕ್ಕುಗಳ ಸಾಲಿನಲ್ಲಿ ಇವೆ.

ವಿಷಯಪದಗಳಿಗೆ ಹುರಿಡಾಕ್ಸ್ ಸಂಸ್ಥೆಯ ಕಿರುಪದಕೋಶಗಳನ್ನು ತೆಗೆದುಕೊಂಡೆವು. 1982ರಲ್ಲಿ ಸ್ಥಾಪನೆಯಾದ ಈ ಜಾಲ, ಬೇರೆ ಬೇರೆ ದೇಶಗಳ ಹಕ್ಕುಗಳ ಗುಂಪುಗಳು ಒಂದೇ ರೀತಿ ದಾಖಲಿಸಿದರೆ ಮಾತ್ರ ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ ಎಂಬ ತಿಳಿವಳಿಕೆಯಿಂದ ಹುಟ್ಟಿದ್ದು. ಉಲ್ಲಂಘನೆಯ ಬಗೆ, ಬಲಿಯಾದವರ ಉದ್ಯೋಗ, ಸ್ಥಳ ಹೀಗೆ 48 ಪಟ್ಟಿಗಳಿವೆ. ಕಳುಹಿಸಿಕೊಟ್ಟ ಗ್ರಂಥಾಲಯವೂ ಇದರ ಪದಗಳನ್ನೇ ಬಳಸುತ್ತದೆ. ಬಂದ ಪುಸ್ತಕಗಳಿಗೆ ಇದು ಅಚ್ಚುಕಟ್ಟಾಗಿ ಹೊಂದಿತು. ಮೂರು ವಾರದಲ್ಲಿ ಒಂಬೈನೂರು ಪುಸ್ತಕ ಮುಗಿದಾಗ ಕೆಲಸವೇ ಮುಗಿಯಿತೆಂದು ನಾವು ಹಿಗ್ಗಿದೆವು.

ಬಾಗಿಲು ತೆರೆದ ಎರಡನೆಯ ವಾರ, ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಬಂದು ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಅವಳ ತಾಯಿ ಪೌರಕಾರ್ಮಿಕರು. ‘ಜಾಡಮಾಲಿ’ ಎಂದು ಹುಡುಕಿದ್ದಳು, ‘ಸೊನ್ನೆ’ ಎಂದು ಬಂದಿತ್ತು. ‘ಮಲ ಹೊರುವ’ ಎಂದು ಹುಡುಕಿದ್ದಳು, ಆಗಲೂ ಸೊನ್ನೆ. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ನಮ್ಮವ್ವನ ಕೆಲಸಾ ಇದರಾಗ ಇಲ್ಲೇನ್ರಿ?” ಎಂದು ಕೇಳಿದಳು. ಅವಳ ಬೆನ್ನ ಹಿಂದಿನ ರ‍್ಯಾಕಿನಲ್ಲಿ ಆ ವಿಷಯದ ಹನ್ನೊಂದು ಪುಸ್ತಕ ಮತ್ತು ವರದಿಗಳಿದ್ದವು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 1993ರ ಮತ್ತು 2013ರ ಕಾಯ್ದೆಗಳಿದ್ದವು. 2010ರಲ್ಲಿ ಸವಣೂರಿನಲ್ಲಿ ಆ ಕೆಲಸ ಮಾಡುತ್ತಿದ್ದ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದಕ್ಕೆ ಸಂಬಂಧಿಸಿದ ಪತ್ರಿಕಾ ತುಣುಕುಗಳೂ ಇದ್ದವು. ನಾವೇ ಜೋಡಿಸಿದ್ದೆವು, ನಾವೇ ಸೂಚಿ ಮಾಡಿದ್ದೆವು. ಆದರೆ ಅವೆಲ್ಲ ಇಂಗ್ಲಿಷಿನ ಎರಡು ಪದಗಳ ಅಡಿಯಲ್ಲಿ ಕುಳಿತಿದ್ದವು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಯ ಕರಡು ತಯಾರಾಗುತ್ತಿದ್ದಾಗ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥ ಕೊಡಬಹುದಾಗಿದ್ದ ಇಂಗ್ಲಿಷ್ ಮಾತನ್ನು ‘ಎಲ್ಲ ಮಾನವರು’ ಎಂದು ಬದಲಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಆ ಘೋಷಣೆಯ ಕನ್ನಡ ಅನುವಾದವೇ ನಮ್ಮ ಸೂಚಿಯ ಮೊದಲನೆಯ ದಾಖಲೆ. ಹಾಗಿದ್ದೂ ಪದದ ವಿಷಯದಲ್ಲಿಯೇ ನಾವು ಸೋತಿದ್ದೆವು.

ಮರುದಿನದಿಂದ ಪ್ರಮಾಣಪದಗಳ ಕಡತವನ್ನು ಬಿಚ್ಚಿದೆವು. ಮಾರ್ಕ್ ಪದ್ಧತಿಯಲ್ಲಿ ಒಂದು ವಿಷಯದ ಅಧಿಕೃತ ಪದ 150ನೆಯ ಅಂಕಣದಲ್ಲಿ ಬರುತ್ತದೆ, ಅದೇ ವಿಷಯಕ್ಕೆ ಜನ ಬಳಸುವ ಇತರ ಮಾತುಗಳು 450ರಲ್ಲಿ, ಹತ್ತಿರದ ವಿಷಯಗಳು 550ರಲ್ಲಿ. ಹುಡುಕುವಾಗ 450ರ ಮಾತುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಆಯ್ಕೆಯೊಂದು ಕೋಹಾದಲ್ಲಿ ಇದೆ. ತಾನಾಗಿ ಅದು ಚಾಲೂ ಇರುವುದಿಲ್ಲ, ನಾವು ಚಾಲೂ ಮಾಡಿ ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟಿಸಬೇಕು. ಯಂತ್ರದ ಪಾಲಿನ ಕೆಲಸ ಇಷ್ಟೇ. ಮಾತುಗಳನ್ನು ಕಲೆಹಾಕುವುದು ನಮ್ಮ ಪಾಲಿಗೆ ಬಂತು. ಪೌರಕಾರ್ಮಿಕರ ಸಂಘದವರನ್ನು, ಜೀತದಿಂದ ಬಿಡುಗಡೆಯಾದವರನ್ನು, ಮಾಜಿ ದೇವದಾಸಿ ಮಹಿಳೆಯರ ಗುಂಪಿನವರನ್ನು ಕರೆದು ಒಂದೊಂದು ಮಧ್ಯಾಹ್ನ ಕುಳಿತೆವು. ಜೀತ ಎಂಬ ಒಂದೇ ಮಾತಿನ ಸುತ್ತ ಜೀತದಾಳು, ಸಾಲದ ಆಳು, ಮುಂಗಡದ ಆಳು, ಸಂಬಳಕ್ಕಿಟ್ಟ ಮಗು ಎಂದು ಎಷ್ಟೋ ಬಗೆ ಬಂದವು. ಅವನ್ನೆಲ್ಲ 1976ರ ಜೀತಪದ್ಧತಿ ರದ್ದತಿ ಕಾಯ್ದೆಗೂ, ಬಲವಂತದ ದುಡಿಮೆಯ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ 29ನೆಯ ಒಪ್ಪಂದಕ್ಕೂ ಜೋಡಿಸಿದೆವು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಎದ್ದಿತು. ಜನ ಬಳಸುವ ಮಾತುಗಳಲ್ಲಿ ಕೆಲವು ಬೈಗುಳಗಳು. ಜಾತಿಯ ಹೆಸರು ಹಿಡಿದು ಅವಮಾನಿಸುವಂಥವು. ಅವನ್ನು ಸೂಚಿಯಲ್ಲಿ ಸೇರಿಸಿದರೆ ಗ್ರಂಥಾಲಯವೇ ಬೈದಂತೆ, ಬಿಟ್ಟರೆ ಹಳೆಯ ಪುಸ್ತಕಗಳಲ್ಲಿ ಆ ಪದದಿಂದಲೇ ಹುಡುಕುವವರಿಗೆ ದಾರಿ ಮುಚ್ಚಿದಂತೆ. ಆ ಸಮುದಾಯಗಳ ಹಿರಿಯರೇ ತೀರ್ಮಾನ ಹೇಳಿದರು: ಹುಡುಕಿದರೆ ಸಿಗಲಿ, ಪರದೆಯ ಮೇಲೆ ಶೀರ್ಷಿಕೆಯಾಗಿ ಕಾಣುವುದು ಬೇಡ. ಹಾಗೆಯೇ ಮಾಡಿದ್ದೇವೆ. ಈಗ ನಮ್ಮಲ್ಲಿ 214 ಕನ್ನಡ ಪದಗಳ ಪಟ್ಟಿ ಇದೆ. ಮೊದಲು ಎಲ್ಲೆಡೆ ಒಂದೇ ಪದಕೋಶವಿರಬೇಕೆಂದು ವಾದಿಸಿದ್ದ ಆ ಕಡೆಯ ಗ್ರಂಥಪಾಲಕಿ ಈ ಪಟ್ಟಿಯನ್ನು ವಿವರಣೆಗಳೊಂದಿಗೆ ತಮಗೂ ಕಳುಹಿಸಬೇಕೆಂದು ಕೇಳಿದರು; ತಮ್ಮಲ್ಲಿ ಭಾರತದ ವಲಸಿಗರ ಮಕ್ಕಳೂ ಓದಲು ಬರುತ್ತಾರೆ, ಅವರಿಗೂ ಬೇಕಾದೀತು ಎಂದರು. ಮುಯ್ಯಿ ತೀರಿಸಲು ನಮ್ಮ ಕೈಯಲ್ಲಿಯೂ ಏನೋ ಇದೆ ಎಂದು ಆಗ ಸಂತೋಷವಾಯಿತು.

ಓದುಗರ ಗುಟ್ಟು ಕಾಯುವುದೂ ಕಟ್ಟಡದಷ್ಟೇ ಮುಖ್ಯ. ಯಾರು ಯಾವ ಪುಸ್ತಕ ಒಯ್ದರು ಎಂಬ ಪಟ್ಟಿ ಇಂಥ ಗ್ರಂಥಾಲಯದಲ್ಲಿ ಯಾರಿಗಾದರೂ ತೊಂದರೆ ತರಬಹುದು. ಪುಸ್ತಕ ಮರಳಿದ ಕೂಡಲೆ ಒಯ್ದವರ ಹೆಸರು ಅಳಿದು ಅನಾಮಧೇಯ ಸದಸ್ಯರ ಲೆಕ್ಕಕ್ಕೆ ಹೋಗುವಂತೆ ಕೋಹಾದಲ್ಲಿ ವ್ಯವಸ್ಥೆ ಮಾಡಿದ್ದೇವೆ. ಸ್ಥಳೀಯ ಗುಂಪುಗಳು ಕೊಟ್ಟ ಸತ್ಯಶೋಧನಾ ವರದಿಗಳಲ್ಲಿ ನೊಂದವರ ಹೆಸರು, ಊರು ಇದ್ದರೆ ಅವು ಬೀಗ ಹಾಕಿದ ಬೀರುವಿನಲ್ಲಿರುತ್ತವೆ. ಸೂಚಿಯಲ್ಲಿ ವಿಷಯ ಮಾತ್ರ ಕಾಣುತ್ತದೆ. ಅವುಗಳ ಸ್ಕ್ಯಾನ್ ಪ್ರತಿಯನ್ನು ಸಂಕೇತಾಕ್ಷರದ ಬೀಗ ಹಾಕಿ ಇನ್ನೊಂದು ಊರಿನಲ್ಲಿ ಇಟ್ಟಿದ್ದೇವೆ. ಗ್ವಾಟೆಮಾಲಾದಲ್ಲಿ 2005ರಲ್ಲಿ ಪತ್ತೆಯಾದ ಪೊಲೀಸ್ ದಾಖಲೆಗಳು ಸುಮಾರು 8 ಕೋಟಿ ಪುಟ; ಅವುಗಳ ಸ್ಕ್ಯಾನ್ ಪ್ರತಿಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಾಪಿಡಲಾಗಿದೆ. ಕಾಂಬೋಡಿಯಾದಲ್ಲಿ ಖಮೇರ್ ರೂಜ್ ಆಳ್ವಿಕೆ ನಡೆಸಿದ ತೂಲ್ ಸ್ಲೆಂಗ್ ಸೆರೆಮನೆಯ ಕಾಗದಗಳನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮೈಕ್ರೊಫಿಲ್ಮ್ ಮಾಡಿಟ್ಟಿತು. ನಮ್ಮದು ನಾಲ್ಕು ಬೀರುಗಳ ಸಂಗ್ರಹ, ಆದರೂ ಒಂದೇ ಜಾಗದಲ್ಲಿ ಒಂದೇ ಪ್ರತಿ ಇರಬಾರದೆಂಬ ನಿಯಮ ನಮಗೂ ಅನ್ವಯಿಸುತ್ತದೆ.

ದೃಷ್ಟಿ ಇಲ್ಲದ ಓದುಗರಿಗಾಗಿ ಒಂದು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿಹೇಳುವ ತಂತ್ರಾಂಶವನ್ನು ಹಾಕಿದ್ದೇವೆ. ಆಸ್ಟ್ರೇಲಿಯಾದಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಓದಿಸಿ ನೋಡಿದಾಗ ನುಡಿಯಲ್ಲಿ ತಯಾರಾದ ಹಳೆಯ ಪಿಡಿಎಫ್‌ಗಳನ್ನೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಗೊಣಗಿತು. ಅವನ್ನು ಒಂದೊಂದಾಗಿ ಯುನಿಕೋಡಿಗೆ ತರುತ್ತಿದ್ದೇವೆ, ಇನ್ನೂ ಅರವತ್ತು ಉಳಿದಿವೆ. ಮುದ್ರಿತ ಪುಸ್ತಕ ಓದಲಾಗದವರಿಗೆ ದೇಶದ ಗಡಿ ದಾಟಿ ಓದಬಲ್ಲ ಪ್ರತಿ ತಲುಪಿಸಲು 2013ರ ಮರಾಕೆಶ್ ಒಪ್ಪಂದ ಅವಕಾಶ ಕೊಡುತ್ತದೆ. ಅದನ್ನು ಎಲ್ಲಕ್ಕಿಂತ ಮೊದಲು, 2014ರ ಜೂನಿನಲ್ಲಿ, ಸ್ಥಿರೀಕರಿಸಿದ ದೇಶ ಭಾರತ. ಆ ದಾರಿಯಲ್ಲಿ ಕೆಲವು ಪುಸ್ತಕಗಳನ್ನು ತರಿಸಿಕೊಳ್ಳಲು ಅರ್ಜಿ ಸಿದ್ಧವಾಗುತ್ತಿದೆ.

ಇಷ್ಟು ದಿನ ಕಣ್ಣಿಗೆ ಬೀಳದೆ ಉಳಿದದ್ದು ನಮ್ಮ ಬಾಗಿಲಿನ ಎರಡು ಮೆಟ್ಟಿಲು. ಕಳೆದ ತಿಂಗಳು ಗಾಲಿಕುರ್ಚಿಯಲ್ಲಿ ಬಂದ ವಕೀಲರೊಬ್ಬರನ್ನು ಇಬ್ಬರು ಎತ್ತಿ ಒಳಗೆ ತರಬೇಕಾಯಿತು. ಅವರು ಏನೂ ಅನ್ನಲಿಲ್ಲ, ನನಗೆ ತಲೆ ಎತ್ತಲಾಗಲಿಲ್ಲ. ಅಳತೆ ಮಾಡಿದರೆ ಹೊಸ್ತಿಲು ನೆಲದಿಂದ 14 ಅಂಗುಲ ಎತ್ತರದಲ್ಲಿದೆ. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದದ ಇಳಿಜಾರು ಬೇಕೆಂದರೆ 14 ಅಡಿ ಉದ್ದದ ರ‍್ಯಾಂಪ್ ಆಗಬೇಕು, ಅಂಗಳದಲ್ಲಿ ಬೇವಿನ ಮರದವರೆಗೆ 9 ಅಡಿ ಮಾತ್ರ ಇದೆ. ಮರ ಕಡಿಯುವುದಿಲ್ಲ. ಏಳು ಅಡಿ ಇಳಿದು, ಗಾಲಿಕುರ್ಚಿ ತಿರುಗುವಷ್ಟು ಸಮತಟ್ಟಾದ ಜಾಗ ಬಿಟ್ಟು, ಗೋಡೆಯ ಗುಂಟ ಇನ್ನೇಳು ಅಡಿ ಇಳಿಯುವಂತೆ ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿದ್ದೇವೆ. ಆ ಸಮತಟ್ಟು ಜಾಗಕ್ಕಾಗಿ ಪಕ್ಕದ ಹೂವಿನ ಮಡಿಯನ್ನು ತೆಗೆಯಬೇಕಾಗಿದೆ. ಗೌಂಡಿ ಮಂಗಳವಾರ ಬರುತ್ತಾರೆ.